ಟ್ರ್ಯಾಪ್ ಇದೆ ಸರಿ, ಯಾವತ್ತು ತೆಗೆದಿರಿ?

ನಮಸ್ಕಾರ. ಊಟ ಮಾಡುತ್ತಾ ನೋಡುತ್ತಿದ್ದರೆ ಇಲ್ಲೇ ನಿಲ್ಲಿಸಿ, ಕೈ ತೊಳೆದುಕೊಂಡು ಬನ್ನಿ. ಇವತ್ತಿನ ಮಾತು ಮೋರಿಯದು, ಅಡುಗೆಮನೆ ಜಿಡ್ಡು ಅದಕ್ಕೆ ಹೋಗದಂತೆ ತಡೆಯುವ ಗ್ರೀಸ್ ಟ್ರ್ಯಾಪಿನದು.

ನಮ್ಮ ಚಿಕ್ಕಪ್ಪ ಮೈಸೂರಿನ ಸರಸ್ವತಿಪುರಂ ಕಡೆ ಒಂದು ಸಣ್ಣ ಮೆಸ್ ನಡೆಸುತ್ತಾರೆ. ಓದುವ ಹುಡುಗರೇ ಗಿರಾಕಿಗಳು. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಊಟ. ಸಂಜೆ ಒಂದು ಬಾಣಲೆ ಬೋಂಡ, ಬಜ್ಜಿ. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಫೋನ್ ಬಂತು. "ಬೇಗ ಬಾರೋ, ಅಡುಗೆಮನೆಗೆ ನೀರು ನುಗ್ಗಿದೆ." ಹೋಗಿ ನೋಡಿದರೆ ಪಾತ್ರೆ ತೊಳೆಯುವ ಜಾಗದ ಜಾಲರಿಯಲ್ಲಿ ನೀರು ಕೆಳಗೆ ಇಳಿಯುತ್ತಿಲ್ಲ, ಗುಳುಗುಳು ಅಂತ ಮೇಲಕ್ಕೆ ಬರುತ್ತಿದೆ. ಹೊರಗೆ ರಸ್ತೆಯ ಮ್ಯಾನ್‌ಹೋಲ್ ಉಕ್ಕಿ ಎದುರು ಮನೆ ಅಜ್ಜಿಯ ರಂಗೋಲಿ ಮೇಲೆ ಹರಿಯುತ್ತಿದೆ. ಅಜ್ಜಿ ಗೇಟು ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಜೋರಾಗಿ ನೀರು ಹಾಯಿಸಿ ಕಟ್ಟಿದ ಮೋರಿ ಬಿಡಿಸುವ ಜೆಟ್ಟಿಂಗ್ ಗಾಡಿ ಬಂತು. ಗಾಡಿಯವರು ಮುಚ್ಚಳ ಸರಿಸಿ, ಪೈಪು ಇಳಿಸುವ ಮೊದಲು ಉದ್ದನೆಯ ಬಿದಿರು ದಬ್ಬೆ ಹಾಕಿ ಚುಚ್ಚಿ ನೋಡಿದರು. ದಬ್ಬೆಯ ತುದಿಗೆ ಮೆತ್ತಿಕೊಂಡು ಬಂದದ್ದು ಹಳದಿಗೆ ತಿರುಗಿದ ಬಿಳಿ ಮುದ್ದೆ. ಒಳಗೆ ಅಲ್ಲಲ್ಲಿ ಕರಿಬೇವು, ಸಾಸಿವೆ. "ಬೆಣ್ಣೆ ಕಡೆದಂಗೈತೆ ನೋಡಿ ಸಾರ್. ಇಲ್ಲಿ ಹೋಟ್ಲು ಯಾರ್ದು?" ಅಂದರು. ಚಿಕ್ಕಪ್ಪ ಆಕಾಶ ನೋಡಿದರು. ನಾನೂ ಅದೇ ಆಕಾಶ ನೋಡಿದೆ.

ನೋಡಲು ಬೆಣ್ಣೆ ಥರ ಇದ್ದರೂ ಅದು ಒಂದು ಜಾತಿಯ ಸೋಪು. ಬಿಸಿ ಇರುವಾಗ ಎಣ್ಣೆ ನೀರಿನ ಜೊತೆ ಸಲೀಸಾಗಿ ಹೋಗುತ್ತದೆ. ಸ್ವಲ್ಪ ದೂರ ಹೋಗಿ ತಣ್ಣಗಾದ ಮೇಲೆ ಪೈಪಿಗೆ ಅಂಟುತ್ತದೆ. ಎಣ್ಣೆಯ ಕೊಬ್ಬಿನಾಮ್ಲವೂ ನೀರು, ಸಿಮೆಂಟಿನಲ್ಲಿರುವ ಕ್ಯಾಲ್ಸಿಯಮ್ಮೂ ಸೇರಿ ಗಟ್ಟಿ ಸೋಪಾಗುತ್ತದೆ. ಸ್ನಾನದ ಸೋಪು ನೀರಿಗೆ ಕರಗುತ್ತದೆ, ಇದು ಕರಗುವುದಿಲ್ಲ. ಹಾಗಾಗಿ "ಒಂದು ಹಂಡೆ ಬಿಸಿನೀರು ಹುಯ್ಯಿ, ಹೋಗುತ್ತೆ" ಅನ್ನುವ ವಿದ್ಯೆ ಇದೆಯಲ್ಲ, ಅದರಿಂದ ಆಗುವುದು ಇಷ್ಟೇ: ನಮ್ಮ ಬಾಗಿಲಲ್ಲಿ ಕಟ್ಟಬೇಕಿದ್ದದ್ದು ನಾಲ್ಕು ಮನೆ ಆಚೆ ಕಟ್ಟುತ್ತದೆ.

ಈಗ ನಾಚಿಕೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮೆಸ್ಸಿನಲ್ಲಿ ಗ್ರೀಸ್ ಟ್ರ್ಯಾಪ್ ಇತ್ತು! ಮೆಸ್ ಶುರು ಮಾಡುವಾಗಲೇ ಖರ್ಚು ಮಾಡಿ ಕಟ್ಟಿಸಿದ್ದು. ಆದರೆ ಅದರ ಚಪ್ಪಡಿ ಎತ್ತಿದವರಿಲ್ಲ. ಚಪ್ಪಡಿ ಮೇಲೆ ಆಲೂಗಡ್ಡೆ ಮೂಟೆ ಕೂತಿತ್ತು.

ಗ್ರೀಸ್ ಟ್ರ್ಯಾಪ್ ಅಂದರೆ ದೊಡ್ಡ ಯಂತ್ರ ಏನಲ್ಲ, ಎರಡು ಮೂರು ಭಾಗ ಮಾಡಿದ ತೊಟ್ಟಿ ಅಷ್ಟೇ. ಮುಸುರೆ ನೀರು ಒಳಗೆ ಬಂದು ನಿಧಾನವಾಗುತ್ತದೆ. ಅನ್ನದ ಅಗುಳು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ಹೊರಗೆ ಹೋಗುವ ಪೈಪು ಬಾಗಿಕೊಂಡು ನಡುವಿನ ನೀರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮೇಲಿನ ಜಿಡ್ಡು, ತಳದ ರಾಡಿ ಎರಡೂ ಸೇರಿ ತೊಟ್ಟಿಯ ಆಳದಲ್ಲಿ ಕಾಲು ಭಾಗ ಆಯಿತು ಅಂದರೆ ತೆಗೆಯಲೇಬೇಕು. ತೆಗೆಯದಿದ್ದರೆ ನೀರು ನಿಧಾನವಾಗಲು ಜಾಗವೇ ಇರುವುದಿಲ್ಲ. ಜಿಡ್ಡು ನೇರ ಯುಜಿಡಿಗೆ, ಅಂದರೆ ಊರಿನ ಒಳಚರಂಡಿಗೆ ಹೋಗುತ್ತದೆ. ನನ್ನನ್ನು ಕೇಳಿದರೆ ತೆಗೆಯದ ಟ್ರ್ಯಾಪ್‌ಗಿಂತ ಟ್ರ್ಯಾಪ್ ಇಲ್ಲದಿರುವುದೇ ಮೇಲು. ಇಲ್ಲದವನಿಗೆ ಸ್ವಲ್ಪ ಭಯವಾದರೂ ಇರುತ್ತದೆ. ನಮಗೆ ಅದೂ ಇರಲಿಲ್ಲ, ಇದೆಯಲ್ಲ ಅಂತ ಹಾಯಾಗಿದ್ದೆವು.

ಹಾಗಾಗಿ ನಾನು ಹೇಳುವುದು ಇಷ್ಟೇ. ಟ್ರೇಡ್ ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ ತೊಟ್ಟಿಯ ಫೋಟೋ ಕೇಳಿ ಪ್ರಯೋಜನವಿಲ್ಲ. ಒಂದು ನೋಟ್ ಬುಕ್ ಕೇಳಬೇಕು. ಯಾವ ದಿನ ತೆಗೆದಿರಿ, ಎಷ್ಟು ಬಕೆಟ್ ಬಂತು, ಅದನ್ನು ಯಾರಿಗೆ ಕೊಟ್ಟಿರಿ. ಮೂರು ಕಾಲಮ್ ಸಾಕು. ಮೂರನೆಯದು ಬಹಳ ಮುಖ್ಯ. ಯಾಕೆ ಅಂದರೆ ತೊಟ್ಟಿ ತೆಗೆಸಿ, ಬಂದ ರಾಡಿಯನ್ನು ರಾತ್ರಿ ಮಳೆನೀರಿನ ಚರಂಡಿಗೆ ಸುರಿದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ದಿವಾನ್ ಪೂರ್ಣಯ್ಯನವರು ಮೈಸೂರಿಗೆ ಕಾವೇರಿ ನೀರು ತರಬೇಕು ಅಂತ ತೋಡಿಸಿದ ನಾಲೆಯಲ್ಲಿ ಇವತ್ತು ಏನು ಹರಿಯುತ್ತದೆ ಅಂತ ಅದರ ಪಕ್ಕ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. ನೀರು ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. 1986ರ ಪರಿಸರ ನಿಯಮಗಳಲ್ಲಿ ಅಂಕಿಗಳೇ ಇವೆ. ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ, ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ದಾಟಬಾರದು. ಮನೆ ಮೇಲಿನ 1000 ಲೀಟರ್ ಟ್ಯಾಂಕ್ ನೆನೆಸಿಕೊಳ್ಳಿ. ಅಷ್ಟು ನೀರಿಗೆ 20 ಗ್ರಾಂ. ಒಂದೂವರೆ ದೊಡ್ಡ ಚಮಚ ಎಣ್ಣೆ! ಬೋಂಡದ ಬಾಣಲೆಯನ್ನು ಒರೆಸದೆ ತೊಳೆದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಇನ್ನೊಂದು ಅಂಕಿ ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ ಅದು. ನದಿ, ಕೆರೆಗೆ ಬಿಡುವುದಾದರೆ ಮಿತಿ ಲೀಟರಿಗೆ 30 ಮಿಲಿಗ್ರಾಂ. ಒಳಚರಂಡಿಗಾದರೆ 350ರವರೆಗೆ ಬಿಟ್ಟಿದ್ದಾರೆ, ಮುಂದೆ ಶುದ್ಧೀಕರಣ ಘಟಕ ಇದೆ ಅನ್ನುವ ನಂಬಿಕೆಯ ಮೇಲೆ. ನಮ್ಮೂರಿನಲ್ಲಿ ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ ಘಟಕಗಳು ಮೂರೂ ಸೇರಿದರೆ ದಿನಕ್ಕೆ 15 ಕೋಟಿ ಲೀಟರಿಗೂ ಜಾಸ್ತಿ ಸಾಮರ್ಥ್ಯ. ಅಲ್ಲಿ ದುಡಿಯುವುದು ಬ್ಯಾಕ್ಟೀರಿಯಾ. ನಾವು ಆ ನಂಬಿಕೆಯನ್ನೇ ದುರುಪಯೋಗ ಮಾಡಿಕೊಳ್ಳುತ್ತೇವೆ. ಬರೀ ಹಾಲನ್ನೇ ತೆಗೆದುಕೊಳ್ಳಿ. ಅದರ ಬಿಒಡಿ ಹತ್ತಿರ ಹತ್ತಿರ ಒಂದು ಲಕ್ಷ. ಒಡೆದುಹೋಯಿತು ಅಂತ ಒಂದು ಲೀಟರ್ ಹಾಲು ಸಿಂಕಿಗೆ ಸುರಿದರೆ, ಅದನ್ನು 350ಕ್ಕೆ ಇಳಿಸಲು ಸುಮಾರು 300 ಲೀಟರ್ ಒಳ್ಳೆ ನೀರು ಬೇಕು. ಛತ್ರದವರು ಮಿಕ್ಕ ಪಾಯಸದ ಕೊಳಗ ಬಗ್ಗಿಸುವುದನ್ನು ನೋಡಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಹಿಂದೆ ಇದಕ್ಕೆ ಬಾನಿ ಅನ್ನುವ ದೊಡ್ಡ ಪಾತ್ರೆ ಇತ್ತು. ಮೈಸೂರು, ಮಂಡ್ಯ ಕಡೆಯವರಿಗೆ ಗೊತ್ತು, ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಮಿಕ್ಕ ಅನ್ನ ಎಲ್ಲ ಅದಕ್ಕೆ ಹೋಗುತ್ತಿತ್ತು. ಸಂಜೆ ಹಸು ಕಟ್ಟಿದವರು ಬಂದು ತುಂಬಿಕೊಂಡು ಹೋಗುತ್ತಿದ್ದರು. ಒಂದು ದಿನ ಬರದಿದ್ದರೆ "ಯಾಕಮ್ಮ ನಿನ್ನೆ ಬರಲಿಲ್ಲ?" ಅಂತ ಕೇಳಬೇಕಾಗುತ್ತಿತ್ತು, ನಾತ ಹೊಡೆಯುತ್ತಿತ್ತಲ್ಲ. ಹಸು ಹೋಯಿತು, ಬಾನಿ ಹೋಯಿತು, ಆ ನೀರೆಲ್ಲ ಪೈಪಿಗೆ ಇಳಿಯಿತು. ಪೈಪಿನಲ್ಲಿ ಕೊಳೆತರೆ ನಮ್ಮ ಮೂಗಿಗೆ ಬರುವುದಿಲ್ಲ.

ಆದರೆ ಬೇರೆಯವರ ಮೂಗಿಗೆ ಬರುತ್ತದೆ. ಗಾಳಿಯಿಲ್ಲದೆ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದರೆ ವಾಸನೆ ಹಿಡಿಯುವ ಶಕ್ತಿಯೇ ಸತ್ತುಹೋಗುತ್ತದೆ, ಆಮೇಲೆ ಮನುಷ್ಯ. ಮ್ಯಾನ್‌ಹೋಲಿಗೆ ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾಯ್ದೆ ಹೇಳುತ್ತದೆ. ಒಳಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೋರ್ಟು ಮತ್ತೆ ಈ ಮಾತು ಎತ್ತಬೇಕಾದದ್ದು ಯಾಕೆ? ಹಾಗೆ ಇಳಿಸುವುದು ನಿಂತಿಲ್ಲ, ಅದಕ್ಕೆ.

"ಹತ್ತಡಿ ಅಂಗಡಿ ಸ್ವಾಮಿ, ತೊಟ್ಟಿ ಎಲ್ಲಿ ಕಟ್ಟಲಿ?" ಅನ್ನುವವರಿದ್ದಾರೆ. ನ್ಯಾಯವಾದ ಮಾತು. ಸಿಂಕಿನ ಕೆಳಗೆ ಕೂರುವ ಸಣ್ಣ ಸ್ಟೀಲ್ ಡಬ್ಬಿಗಳು ಸಿಗುತ್ತವೆ. ಅವು ಬೇಗ ತುಂಬುತ್ತವೆ, ಅದೊಂದು ತಲೆನೋವು. ಹತ್ತು ಗಾಡಿ ಒಂದೇ ಕಡೆ ನಿಲ್ಲುವ ತಿಂಡಿ ಬೀದಿಯಲ್ಲಿ ಪಾಲಿಕೆಯೇ ಒಂದು ದೊಡ್ಡ ತೊಟ್ಟಿ ಕಟ್ಟಿ, ತಿಂಗಳಿಗೆ ಇಷ್ಟು ಅಂತ ವಸೂಲು ಮಾಡಲಿ. ನಾನಂತೂ ಕೊಡುವ ಪಕ್ಷ. ಇನ್ನು ಕರಿದ ಎಣ್ಣೆ ಮೋರಿಗೆ ಹೋಗಲೇಬಾರದು, ಅದು ದುಡ್ಡು. ಬಯೋಡೀಸೆಲ್‌ಗೆ ಕೊಳ್ಳುವವರಿದ್ದಾರೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) 2018ರಿಂದಲೇ ಅದಕ್ಕೊಂದು ದಾರಿ ಮಾಡಿದೆ. ಕಡಿಮೆ ರೇಟಿಗೆ ಬೇರೆ ಗಾಡಿಯವರಿಗೆ ಮಾರಬೇಡಿ ಅಷ್ಟೇ, ಅದು ತಿರುಗಿ ಯಾರದೋ ಹೊಟ್ಟೆಗೇ ಹೋಗುತ್ತದೆ.

ಬರೀ ಹೋಟೆಲಿನವರನ್ನೇ ಹಿಡಿದುಕೊಂಡೆ ಅಂತ ಬೇಜಾರಾಗಬೇಡಿ. ಸರ್ವಿಸ್ ಸ್ಟೇಷನ್ನಿನ ಎಂಜಿನ್ ಆಯಿಲ್ ಇದಕ್ಕಿಂತ ಕೆಟ್ಟದ್ದು, ಅದು ಘಟಕದ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಅದರ ಬಗ್ಗೆ ಇನ್ನೊಮ್ಮೆ ಮಾತಾಡೋಣ. ನನಗೆ ಗೊತ್ತಿರುವುದು ಅಡುಗೆಮನೆ, ಅಲ್ವಾ.

ನಮ್ಮ ಮೆಸ್ಸಿನಲ್ಲಿ ಈಗ ಸೋಮವಾರ ಟ್ರ್ಯಾಪ್ ದಿನ. ಆಲೂಗಡ್ಡೆ ಮೂಟೆ ಜಾಗ ಬದಲಾಯಿಸಿದೆ. ತೊಳೆಯುವ ಮೊದಲು ಬಾಣಲೆಯನ್ನು ಹಳೇ ಪೇಪರಿನಲ್ಲಿ ಒರೆಸುತ್ತಾರೆ. ಹಾಲಿನ ಲೆಕ್ಕದ ಪುಸ್ತಕದ ಪಕ್ಕ ಮೊಳೆಗೆ ಇನ್ನೊಂದು ನೋಟ್ ಬುಕ್ ನೇತುಹಾಕಿದ್ದೇವೆ. ಹೋದ ವಾರ ತೆಗೆದು ನೋಡಿದೆ, ಸೋಮವಾರದ ಸಾಲು ಖಾಲಿ. ಚಿಕ್ಕಪ್ಪನನ್ನು ಕೇಳಿದೆ. "ಅವತ್ತು ಹುಡುಗ ರಜ ಹಾಕಿದ್ದ ಕಣೋ. ಕೆಳಗೆ ನೋಡು" ಅಂದರು. ಕೆಳಗಿನ ಸಾಲಿನಲ್ಲಿ ಅವರದೇ ಕೈಬರಹ: ಮಂಗಳವಾರ, ಎರಡೂವರೆ ಬಕೆಟ್.