ಕಾಯಿ ಸಾಲದಿದ್ದಾಗ: ಯುದ್ಧದಾಟದ ಪುಟ್ಟ ಸೇನೆ ಕೂಡಿಸುವ, ಬದಲಿ ಹೂಡುವ ಬಗೆ

ಎಲ್ಲರಿಗೂ ನಮಸ್ಕಾರ.

ಆಡು-ಹುಲಿ ಆಟ ಬಲ್ಲವರಿಗೆ ಇವತ್ತಿನ ವಿಷಯ ಪೂರ್ತಿ ಹೊಸದಲ್ಲ. ಇದ್ದಿಲಿನಲ್ಲಿ ಗೆರೆ ಎಳೆದು, ಹುಲಿಗೆ ದಪ್ಪ ಕಲ್ಲು, ಆಡಿಗೆ ಹುಣಸೆಬೀಜ ಇಟ್ಟರೆ ಆಟ ಶುರು. ಬೀಜ ಕಳೆದುಹೋದರೆ ಮತ್ತೊಂದು ಬೀಜ. ಹಂಪಿಯ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಮನೆ ಕಲ್ಲಿನದು, ಕಾಯಿ ಆಡುವವರು ತಂದದ್ದು. ಅಲ್ಲಿ ಅದು ಸಲೀಸು, ಯಾಕೆಂದರೆ ಪಕ್ಷ ಎರಡೇ, ಕಾಯಿಯ ಬಗೆಯೂ ಎರಡೇ. ಎರಡನೇ ಮಹಾಯುದ್ಧವನ್ನು ಬೋರ್ಡಿನ ಮೇಲೆ ಆಡುವ 'ಆ್ಯಕ್ಸಿಸ್ ಅಂಡ್ ಅಲೈಸ್' ಆಟದ 1940ರ ಜಾಗತಿಕ ರೂಪಕ್ಕೆ ಬಂದರೆ ಒಂಬತ್ತು ದೇಶ, ಹದಿನಾಲ್ಕು ಬಗೆಯ ಘಟಕ. ಹುಣಸೆಬೀಜ ಅಲ್ಲಿ ಮೂಕವಾಗುತ್ತದೆ.

ಯುದ್ಧದಾಟದ ಕಾಯಿ ಮೂರು ಸಂಗತಿ ಹೇಳಬೇಕು: ಯಾರದು, ಏನು, ಎಷ್ಟು. ಮೇಜಿನ ಆಚೆ ಕೂತವರಿಗೆ ಎದ್ದು ಬಾಗಿ ನೋಡದೆ ಈ ಮೂರೂ ತಿಳಿಯಬೇಕು. ಬದಲಿ ಕಾಯಿ ಎಲ್ಲಿ ಕೆಟ್ಟರೂ ಈ ಮೂರರಲ್ಲಿ ಒಂದು ಮುಚ್ಚಿಹೋದದ್ದರಿಂದಲೇ ಕೆಟ್ಟಿರುತ್ತದೆ. ಚೆಂದ ಆಮೇಲಿನ ಮಾತು.

ದುಡ್ಡು ಬಿಚ್ಚುವ ಮೊದಲು ನಿಯಮದ ಪುಸ್ತಕ ಬಿಚ್ಚಿ. ಪೆಟ್ಟಿಗೆಯಲ್ಲಿರುವ ಕಾಯಿಯ ಸಂಖ್ಯೆ ನಿಯಮದ ಭಾಗವೋ ಅಲ್ಲವೋ ಎಂಬುದನ್ನು ಅದರಲ್ಲಿ ಹುಡುಕಬೇಕು. ಆ್ಯಕ್ಸಿಸ್ ಅಂಡ್ ಅಲೈಸ್‌ನಲ್ಲಿ ಅಲ್ಲ. ಪ್ಲಾಸ್ಟಿಕ್ ಮುಗಿದರೆ ಕಾಯಿಯ ಅಡಿಗೆ ಬಿಲ್ಲೆ ಇಡುತ್ತಾರೆ, ಬೂದು ಬಿಲ್ಲೆ ಒಂದಕ್ಕೆ, ಕೆಂಪು ಬಿಲ್ಲೆ ಐದಕ್ಕೆ. 'ರಿಸ್ಕ್' ಇನ್ನೂ ಸರಳ, ಕಾಲಾಳು 1, ಕುದುರೆ 5, ತೋಪು 10 ಎಂದು ಚಿಲ್ಲರೆ ಮಾಡಿಕೊಂಡರೆ ಆಯಿತು. ಬಾಹ್ಯಾಕಾಶ ಯುದ್ಧದ ಆಟ 'ಟ್ವಿಲೈಟ್ ಇಂಪೀರಿಯಂ' ನಾಲ್ಕನೇ ಆವೃತ್ತಿಯಲ್ಲಿ ಮಾತ್ರ ಮಿತಿಯೇ ನಿಯಮ. ಒಬ್ಬ ಆಟಗಾರನಿಗೆ ಹಡಗುಗಳಲ್ಲಿ ಡ್ರೆಡ್‌ನಾಟ್ ಐದು, ಕ್ಯಾರಿಯರ್ ನಾಲ್ಕು, ಕ್ರೂಸರ್ ಎಂಟು. ಫೈಟರ್‌ಗೂ ಕಾಲಾಳಿಗೂ ಮಾತ್ರ ಬಿಲ್ಲೆಯ ಸವಲತ್ತು. ಅಲ್ಲಿ ಆರನೇ ಡ್ರೆಡ್‌ನಾಟ್ ಪ್ರಿಂಟ್ ಮಾಡಿಸಿ ತಂದವರು ಬದಲಿ ತಂದಂತಲ್ಲ, ನಿಯಮ ಮುರಿದಂತೆ. 'ಮೆಮೊಯರ್ 44'ರಲ್ಲಿ ಮತ್ತೊಂದು ತೊಡಕಿದೆ. ಕಾಲಾಳು ತುಕಡಿಗೆ ನಾಲ್ಕು ಗೊಂಬೆ, ಟ್ಯಾಂಕ್ ತುಕಡಿಗೆ ಮೂರು, ತೋಪಿಗೆ ಎರಡು. ಪ್ರತಿ ಗೊಂಬೆಯೂ ಒಂದು ಪೆಟ್ಟು ತಡೆಯುವ ಜೀವ. ನಾಲ್ವರನ್ನೂ ಒಂದೇ ತಳಕ್ಕೆ ಅಂಟಿಸಿದರೆ ಫೋಟೊಗೆ ಸೊಗಸಾಗಿ ಕಾಣುತ್ತದೆ, ಆದರೆ ಪೆಟ್ಟು ಬಿದ್ದಾಗ ತೆಗೆಯಲು ಏನೂ ಇರುವುದಿಲ್ಲ. ಬದಲಿ ಹೂಡಲು ಎಲ್ಲಕ್ಕಿಂತ ಹಗುರವಾದದ್ದು 'ಡಿಪ್ಲೊಮಸಿ': ಸೇನೆ, ನೌಕೆ ಎಂದು ಎರಡೇ ಬಗೆ, ಒಂದು ಪ್ರಾಂತ್ಯಕ್ಕೆ ಒಂದೇ ಕಾಯಿ. ಏಳು ಬಣ್ಣದ ಚೌಕ ಮಣಿ, ಉದ್ದ ಮಣಿ ತಂದರೆ ಕೆಲಸ ಮುಗಿಯಿತು.

ಮುಂದೆ ಎಣಿಕೆ. ಇದನ್ನು ಊಹೆಯ ಮೇಲೆ ಮಾಡಬೇಡಿ. ಒಂದು ಹಾಳೆಯಲ್ಲಿ ಅಡ್ಡಕ್ಕೆ ದೇಶ, ಉದ್ದಕ್ಕೆ ಘಟಕ ಬರೆದು, ಎರಡು ಪೂರ್ತಿ ಆಟಗಳಲ್ಲಿ ಪ್ರತಿ ಸುತ್ತಿನ ಕೊನೆಗೆ ಬೋರ್ಡಿನ ಮೇಲಿರುವ ಕಾಯಿ ಎಣಿಸಿ. ಅತಿ ಹೆಚ್ಚು ಬಂದ ಸಂಖ್ಯೆಗೆ ಕಾಲುಭಾಗ ಸೇರಿಸಿದರೆ ಅದೇ ನಿಮ್ಮ ಬೇಡಿಕೆ. ಯಾವುದು ಹೆಚ್ಚು ಬೇಕಾಗುತ್ತದೆ ಎಂಬುದನ್ನು ಆಟದೊಳಗಿನ ಬೆಲೆಪಟ್ಟಿಯೇ ಹೇಳುತ್ತದೆ. ಆ್ಯಕ್ಸಿಸ್ ಅಂಡ್ ಅಲೈಸ್‌ನದನ್ನೇ ನೋಡಿ. ಕಾಲಾಳಿಗೆ 3, ತೋಪಿಗೆ 4, ಟ್ಯಾಂಕಿಗೆ 6, ಬ್ಯಾಟಲ್‌ಶಿಪ್ಪಿಗೆ 20. ಮೂವತ್ತರ ಆದಾಯದ ದೇಶ ಒಂದು ಸುತ್ತಿಗೆ ಹತ್ತು ಕಾಲಾಳು ಕೊಳ್ಳಬಹುದು. ಕಾರ್ಖಾನೆಯಿಂದ ಗಡಿ ಮೂರು ಹೆಜ್ಜೆ ದೂರವಿದ್ದರೆ, ಮೊದಲ ಹತ್ತು ಜನ ಯುದ್ಧ ಕಾಣುವ ಹೊತ್ತಿಗೆ ಮೂವತ್ತು ಜನ ದಾರಿಯಲ್ಲಿರುತ್ತಾರೆ. ಸಾಲದೆ ಬರುವುದು ಸದಾ ಕಾಲಾಳು, ಅದರ ಹಿಂದೆ ತೋಪು. ಹೊಸಬರು ಮೊದಲು ತರಿಸುವುದು ಮಾತ್ರ ಬ್ಯಾಟಲ್‌ಶಿಪ್!

ಬೇಡಿಕೆ ಬಹಳ ಇದ್ದರೆ ಅದೇ ಆಟದ ಇನ್ನೊಂದು ಪ್ರತಿ, ಹಳೆಯದಾದರೂ ಸರಿ, ಬಿಡಿ ಕಾಯಿಗಿಂತ ಅಗ್ಗಕ್ಕೆ ಬೀಳುವುದುಂಟು. ಆದರೆ ಆವೃತ್ತಿ ಬದಲಾದಂತೆ ಪ್ಲಾಸ್ಟಿಕ್ಕಿನ ಬಣ್ಣವೂ ಕೆಲವು ಅಚ್ಚುಗಳೂ ಬದಲಾಗುತ್ತವೆ. ಎರಡು ಆವೃತ್ತಿ ಬೆರೆಸುವ ಮೊದಲು ಪ್ರತಿ ದೇಶದ ಒಂದೊಂದು ಕಾಯಿಯನ್ನು ಅಕ್ಕಪಕ್ಕ ಇಟ್ಟು, ಸಂಜೆಯ ಬೆಳಕಿನಲ್ಲಿ ನೋಡಿ. 1940ರ ಆಟದಲ್ಲಿ ಬ್ರಿಟನ್ನಿನದು ತಿಳಿಗಂದು, ಇಟಲಿಯದು ಕಂದು. ಹಳದಿ ಬಲ್ಬಿನ ಕೆಳಗೆ, ಮೆಡಿಟರೇನಿಯನ್ ಸಮುದ್ರದಲ್ಲಿ ಇಬ್ಬರ ಡೆಸ್ಟ್ರಾಯರ್‌ಗಳೂ ಮೂತಿಗೆ ಮೂತಿ ಕೊಟ್ಟು ನಿಂತಾಗ ಗುರುತು ಹತ್ತುವುದಿಲ್ಲ. ಬಿಳಿ ಬೆಳಕಿನ ಟ್ಯೂಬ್‌ಲೈಟೇ ವಾಸಿ. ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣುಳ್ಳವರು, ಅದರಲ್ಲೂ ಗಂಡಸರು, ಅಪರೂಪವೇನಲ್ಲ. ಅದಕ್ಕೆ ಬಣ್ಣವೊಂದನ್ನೇ ನಂಬದೆ ತಳದ ಆಕಾರವನ್ನೂ ದೇಶಕ್ಕೊಂದರಂತೆ ಬದಲಿಸಿ: ಒಬ್ಬರಿಗೆ ದುಂಡು, ಒಬ್ಬರಿಗೆ ಚೌಕ, ಒಬ್ಬರಿಗೆ ಷಟ್ಕೋನ.

ಅಳತೆಯ ಮಾತಿಗೆ ಬರೋಣ. ಅಂಗಡಿಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಮಾದರಿ ಪೆಟ್ಟಿಗೆಯ ಮೇಲೆ ಮಾನ (ಸ್ಕೇಲ್) 1:72 ಎಂದಿದ್ದರೆ ನಿಜವಾದ ಅಳತೆಯನ್ನು 72ರಿಂದ ಭಾಗಿಸಿ. 1.7 ಮೀಟರ್ ಎತ್ತರದ ಸೈನಿಕ ಸುಮಾರು 24 ಮಿಲಿಮೀಟರ್ ಆಗುತ್ತಾನೆ. 1:285ರಲ್ಲಿ 6 ಮಿಲಿಮೀಟರ್. ಜಪಾನಿನ ಯಮಾಟೊ ಹಡಗು 263 ಮೀಟರ್ ಉದ್ದ. ಅದು 1:700ರಲ್ಲಿ 37 ಸೆಂಟಿಮೀಟರಿಗೂ ಹೆಚ್ಚು, ಅಂದರೆ ಬೋರ್ಡಿನ ಮೇಲೆ ಇಡೀ ಪೆಸಿಫಿಕ್ ತುಂಬಿಕೊಳ್ಳುತ್ತದೆ. 1:1800ರಲ್ಲಿ 14.6 ಸೆಂಟಿಮೀಟರ್, ಅದೂ ದೊಡ್ಡದೇ. 1:6000ರಲ್ಲಿ 4.4 ಸೆಂಟಿಮೀಟರ್, ಬೋರ್ಡಿಗೆ ಒಪ್ಪುವುದು ಇದು. ಆದರೆ ಅದೇ 1:6000ರಲ್ಲಿ ಟ್ಯಾಂಕ್ ಮಾಡಿದರೆ ಸಾಸಿವೆ ಕಾಳಿನಷ್ಟೂ ಇರದು. ಆದ್ದರಿಂದ ಒಂದೇ ಮಾನದಲ್ಲಿ ಇಡೀ ಸೇನೆ ಕೂಡಿಸುವ ಆಸೆ ಬಿಡಿ. ಪೆಟ್ಟಿಗೆಯಲ್ಲಿ ಬರುವ ಮೂಲ ಕಾಯಿಗಳಲ್ಲೂ ಕಾಲಾಳು ಟ್ಯಾಂಕಿಗಿಂತ ಎತ್ತರ ಇರುತ್ತಾನೆ, ಯಾರೂ ತಕರಾರು ಮಾಡುವುದಿಲ್ಲ.

ಮಾನಕ್ಕಿಂತ ಮುಖ್ಯವಾದದ್ದು ಮೆಟ್ಟಿಲು. ಹಡಗುಗಳಲ್ಲಿ ಸಬ್‌ಮರೀನ್ 20, ಡೆಸ್ಟ್ರಾಯರ್ 28, ಕ್ರೂಸರ್ 36, ಬ್ಯಾಟಲ್‌ಶಿಪ್ 44 ಮಿಲಿಮೀಟರ್, ಹೀಗೆ ಎಂಟೆಂಟು ಮಿಲಿಮೀಟರ್ ಏರಿಸುತ್ತ ಹೋಗಿ. ಕ್ಯಾರಿಯರ್ ಕೂಡ 44 ಇರಲಿ, ಅದರ ಚಪ್ಪಟೆ ಅಟ್ಟವೇ ಗುರುತು. ಮೇಲೆ ಎರಡು ಫೈಟರ್ ಜಾರದೆ ನಿಲ್ಲುವಷ್ಟು ಅಗಲವೂ ಬೇಕು. ಅಂತರ ಮೂರೋ ನಾಲ್ಕೋ ಮಿಲಿಮೀಟರ್ ಆದರೆ ಒಂದು ಮೀಟರ್ ದೂರಕ್ಕೆ ಕಣ್ಣು ಹಿಡಿಯುವುದಿಲ್ಲ. ಡೆಸ್ಟ್ರಾಯರಿಗೂ ಕ್ರೂಸರಿಗೂ ಗೊಂದಲವಾದರೆ ಪೆಟ್ಟು ಸಣ್ಣದಲ್ಲ. ಡೆಸ್ಟ್ರಾಯರ್ 8ರ ಬೆಲೆಯದು, ದಾಳದಲ್ಲಿ 2 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಹೊಡೆಯುತ್ತದೆ. ಕ್ರೂಸರ್ 12ರದು, 3 ಅಥವಾ ಅದಕ್ಕಿಂತ ಕಡಿಮೆಗೆ ಹೊಡೆಯುತ್ತದೆ. ಸಬ್‌ಮರೀನಿನ ಹೊಂಚು ಕೆಡಿಸಲು ಡೆಸ್ಟ್ರಾಯರೇ ಬೇಕು, ಕ್ರೂಸರಿಂದ ಆಗದು. ತಪ್ಪು ಎಣಿಸಿ ದಾಳ ಹಾಕಿದ ಮೇಲೆ ಯುದ್ಧವನ್ನು ಹಿಂದಕ್ಕೆ ತಿರುಗಿಸುವುದು ದೊಡ್ಡ ಜಗಳ.

ಈಗ ಸಾಮಾನು. ಬಳ್ಳಾರಿಯಲ್ಲಿ ಕೂತು ಇದನ್ನು ಹೇಳಲು ಒಂದು ಅನುಕೂಲ ಉಂಟು: ಇದು ಜೀನ್ಸ್ ಹೊಲಿಯುವ ಊರು, ಗುಂಡಿಗೆ ಬರವಿಲ್ಲ. ಬಿಲ್ಲೆಗೆ ಅಂಗಿಯ ನಾಲ್ಕು ತೂತಿನ ಚಪ್ಪಟೆ ಗುಂಡಿಯಷ್ಟು ಒಳ್ಳೆಯದು ಬೇರೆ ಇಲ್ಲ. ಗುಂಡಿಯ ನಂಬರಿನಲ್ಲಿ 40 ಎಂದರೆ ಒಂದು ಇಂಚು. ಆ ಲೆಕ್ಕದಲ್ಲಿ 18 ನಂಬರ್ ಸುಮಾರು 11.4, 24 ನಂಬರ್ 15.2 ಮಿಲಿಮೀಟರ್. ಒಂದಕ್ಕೆ 18, ಐದಕ್ಕೆ 24 ಎಂದು ಇಟ್ಟುಕೊಂಡರೆ ಬಣ್ಣ ಕಾಣದಿದ್ದರೂ ಗಾತ್ರ ಹೇಳುತ್ತದೆ. ಗುಡ್ಡೆ ನಾಲ್ಕು ಬಿಲ್ಲೆ ದಾಟದಿರಲಿ, ದಾಟಿದರೆ ತೋಳು ತಾಗಿ ಉರುಳುತ್ತದೆ. ಜೀನ್ಸಿನ ಲೋಹದ ಗುಂಡಿ ನೋಡಲು ಗತ್ತಿನದು, ಆದರೆ ಹಿಂದೆ ಕಾಂಡ ಇರುವುದರಿಂದ ಸಮತಟ್ಟಾಗಿ ಕೂರುವುದಿಲ್ಲ. ಮೊಳೆ ಜೋಡಿಸದ ಗುಂಡಿ ತೆಗೆದುಕೊಂಡು, ಹಿಂಭಾಗಕ್ಕೆ ಎಂ-ಸೀಲ್ ತುಂಬಿ, ಕಾಂಡ ಮುಚ್ಚುವಷ್ಟು ಮಟ್ಟ ಮಾಡಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತಿ ಒಣಗಿಸಿ. ಗುಡ್ಡೆಗೆ ಅದು ಒಗ್ಗದು. ರಾಜಧಾನಿಯ ಗುರುತಿಗೋ ಕಾರ್ಖಾನೆಗೋ ಹೊಂದುತ್ತದೆ.

ಕಾಗದದ ಕಾಯಿ ಅಗ್ಗ, ಬೇಗ, ಮೇಲೆ ಹೆಸರನ್ನೇ ಬರೆಯಬಹುದು. ಅದರ ಶತ್ರು ಸೀಲಿಂಗ್ ಫ್ಯಾನ್. ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನ್ ನಿಲ್ಲಿಸಿ ಆಡಿ ಎಂದು ಯಾರಿಗೂ ಹೇಳಲಾಗದು. ಹಾಕಿದರೆ ರಷ್ಯಾದ ಸೇನೆ ಹಾರಿ ಆಫ್ರಿಕಾಕ್ಕೆ ಬೀಳುತ್ತದೆ. ಪರಿಹಾರ ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ವಾಷರ್. ಎಂ-5 ವಾಷರಿನ ಹೊರ ಅಗಲ 10 ಮಿಲಿಮೀಟರ್, ದಪ್ಪ 1. ಎಂ-6ರದು 12 ಮತ್ತು 1.6, ಎಂ-8ರದು 16 ಮತ್ತು 1.6. ಅದೇ ಅಗಲದ ಸ್ಟಿಕ್ಕರ್ ಹಾಳೆ ಕತ್ತರಿಸಿ ಅಂಟಿಸಿದರೆ ಕಾಯಿ ಕದಲುವುದಿಲ್ಲ. ಪ್ಲಾಸ್ಟಿಕ್ ಸೈನಿಕರ ಅಡಿಗೂ ಇದೇ ತಳ ಹಾಕಬಹುದು. ತಳದ ಅಗಲ ನಿರ್ಧರಿಸುವ ಮೊದಲು ನಕ್ಷೆಯಲ್ಲಿ ಅತಿ ಚಿಕ್ಕ ಪ್ರಾಂತ್ಯ ಯಾವುದೋ ಅದನ್ನು ಅಳೆಯಿರಿ. ನಾಲ್ಕು ಬಗೆಯ ಕಾಯಿ ಅಲ್ಲಿ ಪಕ್ಕಪಕ್ಕ ಕೂರಬೇಕು. ಆಟಿಕೆ ಅಂಗಡಿಯ ಐದು ಸೆಂಟಿಮೀಟರಿನ ಹಸಿರು ಸೈನಿಕರು ಬೀಳುವುದು ಈ ಪರೀಕ್ಷೆಯಲ್ಲೇ.

1:72ರ ಮೆದು ಸೈನಿಕರು ಬಹುಪಾಲು ಪಾಲಿಥಿಲೀನಿನವರು, ಬಣ್ಣ ಹಿಡಿಯದ ಜಾತಿ. ಬಂದೂಕು ಒಮ್ಮೆ ಬಾಗಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಅಚ್ಚಿನ ಎಣ್ಣೆ ತೆಗೆಯಿರಿ, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್ ತೆಳ್ಳಗೆ ಎರಡು ಸಲ, ಮೇಲೆ ಅಕ್ರಿಲಿಕ್, ಕೊನೆಗೆ ವಾರ್ನಿಶ್. ಪೂರ್ತಿ ಬಳಿಯುವ ತಾಳ್ಮೆ ಇಲ್ಲದಿದ್ದರೆ ತಳದ ಅಂಚಿಗೆ ದೇಶದ ಬಣ್ಣದ ಒಂದು ಉಂಗುರ ಬಳಿದರೂ ಆಟಕ್ಕೆ ಸಾಕು. ಸಂಡೂರಿನ ಕೆಂಪು ಅದಿರು ಧೂಳು ಬೀಳುವ ಕಡೆ ಮಂಕು ವಾರ್ನಿಶ್ ಬೇಡ. ಧೂಳು ಅದರ ಒರಟಿಗೆ ಕೂತರೆ ಒರೆಸಲು ಬಾರದು. ಅರೆಹೊಳಪು ಇರಲಿ.

ಕಾಯಿಯನ್ನು ಎರಕ ಹೊಯ್ಯುವವರಿಗೆ ನಮ್ಮ ಹವೆ ಅಷ್ಟು ಒಲಿದಿಲ್ಲ. ಎರಡು ದ್ರವ ಬೆರೆಸುವ ಪಾಲಿಯುರಥೇನ್ ರಾಳ (ರೆಸಿನ್) ಬಿಸಿಲೂರಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂದುಕೊಳ್ಳಿ. ಬೆಳಗಿನ ಜಾವ ಹೊಯ್ಯಿರಿ, ಒಂದು ಸಲಕ್ಕೆ ಹತ್ತು ಕಾಯಿಗಾಗುವಷ್ಟೇ ಬೆರೆಸಿ. ಮಳೆಗಾಲದಲ್ಲಿ ತೇವ ಸೇರಿ ಗುಳ್ಳೆ ಏಳುತ್ತದೆ. ಸಿಲಿಕೋನ್ ಅಚ್ಚಿಗೆ ಪ್ಲಾಟಿನಂ ಬಗೆಯದನ್ನು ತಂದಿದ್ದರೆ ಗಂಧಕವಿರುವ ಮಾಡೆಲಿಂಗ್ ಕ್ಲೇ ಅದಕ್ಕೆ ತಾಗಬಾರದು, ತಾಗಿದ ಕಡೆ ಅಂಟಂಟಾಗಿಯೇ ಉಳಿಯುತ್ತದೆ. ಕಂಪನಿಯ ಕಾಯಿಯ ಅಚ್ಚು ತೆಗೆದು ನಕಲು ಮಾರುವುದಕ್ಕೆ ಕೈ ಹಾಕಬೇಡಿ.

3ಡಿ ಪ್ರಿಂಟ್ ಮಾಡಿಸುವುದಾದರೆ ತಂತಿ ಕರಗಿಸುವ ಯಂತ್ರದ ಸಾಮಾನ್ಯ ನಳಿಕೆ 0.4 ಮಿಲಿಮೀಟರ್. ಟ್ಯಾಂಕಿನ ನಿಜವಾದ ಮಾನದ ತೋಪಿನ ಕೊಳವೆ ಅದರಲ್ಲಿ ಕೂದಲಾಗಿ ಬಂದು ಮೊದಲ ಆಟದಲ್ಲೇ ಮುರಿಯುತ್ತದೆ. ಕಡತದಲ್ಲೇ ಅದನ್ನು 1.5 ಮಿಲಿಮೀಟರಿಗೆ ದಪ್ಪ ಮಾಡಿಸಿ. ರಾಳದ ಯಂತ್ರ ಮುಖದ ಮೀಸೆಯನ್ನೂ ತೋರಿಸುತ್ತದೆ, ಆದರೆ ಸಾಮಾನ್ಯ ರಾಳ ಬಿದ್ದರೆ ಸಿಡಿಯುತ್ತದೆ. ದಿನಬಳಕೆಯ ಕಾಲಾಳಿಗೆ ಅದು ದಂಡ. ತಂತಿಯ ಯಂತ್ರಕ್ಕೆ ಹಾಕುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯಬಲ್ಲದು, ಪೆಟ್ಟಿಗೆಯನ್ನು ಅಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಬಾಗಿದ ಮೂಲ ಪ್ಲಾಸ್ಟಿಕ್ ಕಾಯಿಗೆ ಬಿಸಿಯೇ ಔಷಧ. ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಇಕ್ಕಳದಿಂದ ಹಿಡಿದು ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ಬಿಡದೆ ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ.

ಕೊಪ್ಪಳದ ಕಿನ್ನಾಳದ ಗೊಂಬೆ ಕೆಲಸ ಇದಕ್ಕೆ ಆಗುತ್ತದೆಯೇ? ಹಗುರ ಮರದ ಮೇಲೆ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಮೆತ್ತಿ ಬಣ್ಣ ಹಾಕುವ ಕಲೆ ಅದು. ಎರಡು ಸೆಂಟಿಮೀಟರಿನ ಟ್ಯಾಂಕಿಗೆ ಒಗ್ಗುವುದಿಲ್ಲ, ಅಂಚುಗಳು ಕಿಟ್ಟದಲ್ಲಿ ಮುಳುಗುತ್ತವೆ. ಆದರೆ 1520ರ ರಾಯಚೂರು ಯುದ್ಧವನ್ನು, ಕೃಷ್ಣದೇವರಾಯ ಒಂದು ಕಡೆ ಇಸ್ಮಾಯಿಲ್ ಆದಿಲ್ ಶಾ ಒಂದು ಕಡೆ, ಬೋರ್ಡಿಗೆ ತರುವವರಿಗೆ ಮೂರು-ನಾಲ್ಕು ಸೆಂಟಿಮೀಟರಿನ ಆನೆ ಬೇಕಲ್ಲ. ದುಂಡು ಮೈಯ ಆನೆಗೆ ಅದಕ್ಕಿಂತ ತಕ್ಕ ಕೈ ಎಲ್ಲಿ ಸಿಗಬೇಕು? ಕುದುರೆಗೆ ಚದುರಂಗದ ಕುದುರೆಯೇ ಆದೀತು.

ಇಡುವುದಕ್ಕೆ ನಟ್ಟು-ಬೋಲ್ಟಿನ ಖಾನೆ ಪೆಟ್ಟಿಗೆ ಸಾಕು, ದೇಶಕ್ಕೊಂದು. ಮೆದು ಪಿವಿಸಿ ಸಾಮಾನು, ರಬ್ಬರಿನಂಥ ಆಟಿಕೆ, ಅಳಿಸುವ ರಬ್ಬರ್ ಇವನ್ನು ಗಟ್ಟಿ ಪಾಲಿಸ್ಟೈರೀನ್ ಕಾಯಿಗೆ ತಾಗಿಸಿ ತಿಂಗಳುಗಟ್ಟಲೆ ಬಿಡಬೇಡಿ. ಮೆದುವಾಗಿಸುವ ದ್ರವ ಒಂದರಿಂದ ಒಂದಕ್ಕೆ ಹರಿದು ಎರಡೂ ಅಂಟಿಕೊಳ್ಳುತ್ತವೆ.

ಆಟದ ದಿನ ಬದಲಿ ಪಟ್ಟಿ ಬರೆದು ಮೇಜಿನ ಮೂಲೆಗೆ ಅಂಟಿಸಿ: ಯಾವ ವಸ್ತು, ಯಾವ ಘಟಕ, ಎಷ್ಟು. ಒಂದೇ ವಸ್ತು ಎರಡು ದೇಶಗಳಲ್ಲಿ ಎರಡು ಅರ್ಥ ಕೊಡಬಾರದು. ಆಟದ ನಡುವೆ ಹೊಸ ಬದಲಿ ಬೇಕಾದರೆ ಎಲ್ಲರೂ ಕೇಳುವಂತೆ ಹೇಳಿ, ಪಟ್ಟಿಗೆ ಏರಿಸಿಯೇ ಬೋರ್ಡಿಗೆ ಇಳಿಸಿ. ಎದುರಾಳಿ 'ಅದು ಏನು' ಎಂದು ಒಂದೇ ಕಾಯಿಯನ್ನು ಎರಡು ಸಲ ಕೇಳಿದರೆ ಆ ಕಾಯಿ ಬದಲಿಸಿ, ವಾದಿಸಬೇಡಿ.

ಮುಂದೆ ಮೇಜಿನ ಮೇಲೆ ಮೂರು ತಟ್ಟೆ ಇವೆ. ಮೊದಲೆರಡರಲ್ಲಿ ಗುಂಡಿ, ವಾಷರ್ ಮಾದರಿಗಳು, ಮುಟ್ಟಿ ನೋಡಬಹುದು. ಮೂರನೆಯದರಲ್ಲಿ ಹನ್ನೆರಡು ಹಡಗು ಇಟ್ಟಿದೆ, ಎರಡನ್ನು ಬೇಕೆಂದೇ ತಪ್ಪು ಅಳತೆಗೆ ಮಾಡಿದೆ. ನೆಲಕ್ಕೆ ಅಂಟಿಸಿದ ಟೇಪಿನ ಗೆರೆ ದಾಟದೆ, ಒಂದು ಮೀಟರ್ ದೂರದಿಂದಲೇ ಅವನ್ನು ಗುರುತಿಸಿ.