ಚೀಲ ಎಷ್ಟು ಸಲ ಇಳಿಯಿತು?

ನಮಸ್ಕಾರ. ಹಿಂದಿನಿಂದ ಕೇಳಿಸುತ್ತಿರುವುದು ಮಳೆಯಲ್ಲ, ಅಡಿಕೆ ಸುಲಿಯುವ ಯಂತ್ರ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಜೋರಾಗಿದೆ. ಅದನ್ನು ನಿಲ್ಲಿಸಿ ನಾನು ಭಾಷಣ ಮಾಡುತ್ತೇನೆ ಎಂದರೆ ಮನೆಯವರು ನನ್ನನ್ನೇ ಹಂಡೆಗೆ ಹಾಕಿ ಬೇಯಿಸುತ್ತಾರೆ. ಆದ್ದರಿಂದ ಆ ಸದ್ದಿನ ಜೊತೆಗೇ ಕೇಳಿಸಿಕೊಳ್ಳಿ.

ಇವತ್ತಿನ ಮಾತು ನೆರೆದೇಶಗಳ ನಡುವೆ ಓಡಾಡುವ ಸರಕಿನ ಬಗ್ಗೆ. ಸರಕು ಎಂದ ಕೂಡಲೇ ತೀರ್ಥಹಳ್ಳಿ ಕಡೆಯವರು ಇವತ್ತಿನ ಧಾರಣೆ ಎಷ್ಟು ಎಂದು ಕೇಳುತ್ತಾರೆ. ಅಡಿಕೆಯ ಒಂದು ದರ್ಜೆಗೂ ಸರಕು ಎಂದೇ ಹೆಸರು. ಆ ಸರಕಲ್ಲ, ಲಾರಿಗೆ ಏರುವ ಎಲ್ಲ ಸಾಮಾನೂ.

2022ರ ಸೆಪ್ಟೆಂಬರ್ ನೆನಪಿದೆಯೇ? ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗದ ಮಾಲು ಒಳಗೆ ಬರುವಂತಿಲ್ಲ ಎಂಬ) ಷರತ್ತಿಲ್ಲದೆ ತರಬಹುದು ಎಂದು ಕೇಂದ್ರ ಆದೇಶ ಹೊರಡಿಸಿತು. ಬರಬೇಕಾದದ್ದು ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ಮಾತ್ರ. ಮಲೆನಾಡಿನಲ್ಲಿ ಬೆಂಕಿ ಬಿದ್ದಂತಾಯಿತು. ನಾನೂ ಕೂಗಿದೆ. ಕೂಗಿ ಮನೆಗೆ ಬಂದ ಮೇಲೆ, ಚೇಣಿ (ತೋಟದ ಫಸಲಿನ ಗುತ್ತಿಗೆ) ಲೆಕ್ಕದ ಪುಸ್ತಕ ತೆಗೆದು ಕೂತೆ. ಹಸಿ ಅಡಿಕೆ ಎಂದರೆ ಸಿಪ್ಪೆ ಸಮೇತ. ನಮ್ಮ ಕಡೆ ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು ಹನ್ನೆರಡು, ಹದಿಮೂರು ಕೆ.ಜಿ. ಆ ಲೆಕ್ಕದಲ್ಲಿ 17,000 ಟನ್ ಎಂಬ ದೆವ್ವ ಒಣಗಿ ಎರಡು ಸಾವಿರ ಚಿಲ್ಲರೆ ಟನ್ ಆಯಿತು. ಇಪ್ಪತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ನೂರಹತ್ತು ಲಾರಿ. ಕರ್ನಾಟಕ ಬೆಳೆಯುವುದು ಲಕ್ಷಾಂತರ ಟನ್.

ಹಾಗಾದರೆ ನಮ್ಮ ಧಾರಣೆಯನ್ನು ಹೊಡೆಯುವ ಅಡಿಕೆ ಯಾವುದು? ಜೈಗಾಂವಿನಲ್ಲಿ ಕಾಗದ ತೋರಿಸಿ, ತೂಕ ಮಾಡಿಸಿಕೊಂಡು ಬರುವ ಅಡಿಕೆಯಲ್ಲ, ಯಾರ ತಕ್ಕಡಿಗೂ ಸಿಕ್ಕದೆ ಬರುವ ಅಡಿಕೆ. ಅದರ ವಿಷಯಕ್ಕೆ ಬರುತ್ತೇನೆ. ಮೊದಲು ಒಂದು ದಡ ದಾಟಬೇಕು.

ನಮ್ಮ ಅತ್ತೆಯ ಮನೆ ತುಮರಿ ಕಡೆ. ಲಿಂಗನಮಕ್ಕಿ ಹಿನ್ನೀರು ನಡುವೆ ಬಂದ ಮೇಲೆ ಆ ಸೀಮೆಯವರಿಗೆ ಸಾಗರ ಪೇಟೆ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಒಂದು ವರ್ಷ ಅವರ ಅಡಿಕೆಯನ್ನು ಮಂಡಿಗೆ ತರಲು ಪಿಕಪ್ ಜೊತೆ ನಾನೇ ಹೋಗಿದ್ದೆ. ಕಳಸವಳ್ಳಿ ದಡದಲ್ಲಿ ಸಿಗಂದೂರಿನಿಂದ ಮರಳುವ ಭಕ್ತರ ಕಾರುಗಳ ಸಾಲು ಏರಿನವರೆಗೂ ನಿಂತಿತ್ತು. ವಾಹನಗಳನ್ನು ದಾಟಿಸುವ ಲಾಂಚ್ ಎರಡು ಸಲ ತಪ್ಪಿತು. ಕೊನೆಯ ಲಾಂಚಿನಲ್ಲೂ ಜಾಗ ಸಿಗಲಿಲ್ಲ. ಎದುರು ದಡದ ಅಂಬಾರಗೋಡ್ಲಿನ ದೀಪ ಕಾಣುತ್ತಿದೆ, ದಾಟುವಂತಿಲ್ಲ. ಡ್ರೈವರ್ ಚೀಲಗಳಿಗೆ ಟಾರ್ಪಾಲ್ ಹೊದಿಸಿ, ಅದರ ಮೇಲೆ ತಾನೂ ಮಲಗಿದ. ಬೆಳಗಿನ ಇಬ್ಬನಿಗೆ ಮೂಲೆಯ ಎರಡು ಚೀಲ ತೇವ ಹಿಡಿದವು. ಮಂಡಿಯಲ್ಲಿ ಒಬ್ಬ ಆ ಚೀಲಗಳೊಳಗೆ ಕೈಯಿಟ್ಟು, ನಾಲ್ಕು ಅಡಿಕೆ ತೆಗೆದು, ಅಂಗೈಯಲ್ಲಿ ಅಲುಗಾಡಿಸಿ, ಸದ್ದು ಕೇಳಿ, "ಹಸಿ" ಎಂದ. ಅಷ್ಟೇ. ಆ ಒಂದು ಮಾತಿಗೆ ಬಿದ್ದ ನಷ್ಟದಲ್ಲಿ ಶಿವಮೊಗ್ಗದಿಂದ ಕಾನ್ಪುರಕ್ಕೆ ಅಷ್ಟು ಅಡಿಕೆಯನ್ನು ಕಳಿಸಬಹುದಿತ್ತು.

2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು. ನೀರು ಅಲ್ಲೇ ಇದೆ, ದಡಗಳೂ ಅಲ್ಲೇ ಇವೆ. ಹೋದದ್ದು ಕಾಯುವುದು ಮಾತ್ರ.

ಭಾರತ ಮತ್ತು ಬಾಂಗ್ಲಾದೇಶದ ನಡುವೆ ಪೆಟ್ರಾಪೋಲ್ ಎಂಬ ಜಾಗವಿದೆ. ಆಚೆ ಬೇನಾಪೋಲ್. ಎರಡೂ ದೇಶಗಳ ಭೂಮಾರ್ಗದ ವ್ಯಾಪಾರಕ್ಕೆ ಅದೇ ಹೆಬ್ಬಾಗಿಲು. ಅಲ್ಲಿ ನೀರಿಲ್ಲ, ಇರುವುದು ನೆಲವೇ, ಆದರೂ ಲಾಂಚಿನ ಸಾಲು ಇದೆ. ನಮ್ಮ ಲಾರಿ ಗಡಿ ದಾಟಿ ಆಚೆಯ ಅಂಗಳದವರೆಗೆ ಮಾತ್ರ ಹೋಗಬಹುದು. ಅಲ್ಲಿ ಚೀಲಗಳು ಇಳಿಯಬೇಕು, ಬಾಂಗ್ಲಾದೇಶದ ಲಾರಿಗೆ ಏರಬೇಕು. ವಾಹನವೇ ಮುಂದಕ್ಕೆ ಹೋಗಲಿ ಎಂದು ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ 2015ರ ಜೂನ್ 15ರಂದು ಥಿಂಪುವಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಭೂತಾನಿನ ಮೇಲ್ಮನೆ ಅದನ್ನು ಒಪ್ಪಲಿಲ್ಲ. ಪುಟ್ಟ ದೇಶದ ರಸ್ತೆಗಳಲ್ಲಿ ಹೊರಗಿನ ಲಾರಿಗಳೇ ತುಂಬಿಕೊಂಡರೆ ಎಂಬ ಅವರ ಭಯವನ್ನು ನಾನು ಆಡಿಕೊಳ್ಳಲಾರೆ. ಮಳೆಗಾಲದಲ್ಲಿ ಆಗುಂಬೆ ಘಾಟಿಗೆ ಭಾರದ ಲಾರಿ ಬಿಡಬೇಡಿ ಎನ್ನುವವರು ನಾವೇ ತಾನೇ?

2021ರಲ್ಲಿ ವಿಶ್ವಬ್ಯಾಂಕಿನ ವರದಿಯೊಂದು ಹೇಳಿದ ಮಾತು ಕೇಳಿ: ಭಾರತದ ಕಂಪನಿಯೊಂದಕ್ಕೆ ಬಾಂಗ್ಲಾದೇಶದ ಜೊತೆ ವ್ಯಾಪಾರ ಮಾಡುವುದಕ್ಕಿಂತ ಬ್ರೆಜಿಲ್ ಅಥವಾ ಜರ್ಮನಿಯ ಜೊತೆ ಮಾಡುವುದು ಶೇ 15ರಿಂದ 20ರಷ್ಟು ಅಗ್ಗ. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಎಂದುಕೊಂಡೆ. ಆಮೇಲೆ ನಮ್ಮ ಕಾಫಿ ನೆನಪಾಯಿತು. ಚಿಕ್ಕಮಗಳೂರು ಕಡೆಯ ಕಾಫಿ ಕಂಟೇನರಿಗೆ ಸೇರಿ ಸೀಲ್ ಬಿದ್ದು ಮಂಗಳೂರು ಬಂದರಿಗೆ ಇಳಿಯುತ್ತದೆ. ದಕ್ಷಿಣದ ಬಂದರುಗಳಿಂದ ಹೊರಟ ಎಷ್ಟೋ ಕಂಟೇನರುಗಳು ಕೊಲಂಬೊದಲ್ಲಿ ಚಿಕ್ಕ ಹಡಗಿನಿಂದ ದೊಡ್ಡ ಹಡಗಿಗೆ ಬದಲಾಗುತ್ತವೆ. ಅಲ್ಲಿಯೂ ಎತ್ತುವುದು ಕ್ರೇನ್, ಎತ್ತುವುದು ಪೆಟ್ಟಿಗೆಯನ್ನು. ಒಳಗಿನ ಕಾಫಿಯನ್ನು ಇಟಲಿಯವರೆಗೆ ಯಾರೂ ಮುಟ್ಟುವುದಿಲ್ಲ. ಸಾವಿರಾರು ಮೈಲಿ ಹೋದ ಕಾಫಿ ಒಮ್ಮೆಯೂ ಬೆನ್ನು ಬದಲಿಸಲಿಲ್ಲ, ಪಕ್ಕದ ಮನೆಗೆ ಹೊರಟ ಮೆಣಸಿನಕಾಯಿ ಹಮಾಲರ ಬೆನ್ನ ಮೇಲೇ ಸವೆಯಿತು.

ಮೆಣಸಿನಕಾಯಿಯ ಮಾತು ಸುಮ್ಮನೆ ತೆಗೆದದ್ದಲ್ಲ. 2020ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ ರಸ್ತೆ ಸಾಗಾಟ ಕಷ್ಟವಾದಾಗ, ಗುಂಟೂರಿನ ಬಳಿಯ ರೆಡ್ಡಿಪಾಲೆಂನಿಂದ ಒಣಮೆಣಸಿನಕಾಯಿ ವಿಶೇಷ ಪಾರ್ಸೆಲ್ ರೈಲು ಹತ್ತಿ ನೇರ ಬೇನಾಪೋಲಕ್ಕೆ ಹೋಯಿತು. ರೈಲ್ವೆಯೇ ಕೊಟ್ಟ ಲೆಕ್ಕದಲ್ಲಿ ಲಾರಿಯಲ್ಲಿ ಟನ್ನಿಗೆ 7,000 ರೂಪಾಯಿ ತಗಲುತ್ತಿದ್ದದ್ದು ರೈಲಿನಲ್ಲಿ 4,608ಕ್ಕೆ ಇಳಿಯಿತು. ಅಲ್ಲಿ ಹಳಿಯ ಅಗಲ ಆಚೆಗೂ ಈಚೆಗೂ ಒಂದೇ, ವ್ಯಾಗನ್ ಬದಲಿಸಬೇಕಿಲ್ಲ. ತಾಳಗುಪ್ಪದ ಹಳಿ ಮೀಟರ್‌ಗೇಜ್ ಆಗಿಯೇ ಉಳಿದಿದ್ದ ಕಾಲದಲ್ಲಿ ಶಿವಮೊಗ್ಗದಲ್ಲಿ ದೊಡ್ಡ ರೈಲು ಇಳಿದು, ಗಂಟುಮೂಟೆ ಹೊತ್ತು ಪುಟ್ಟ ರೈಲ್‌ಬಸ್ ಹತ್ತಿದವರಿಗೆ ಇದರ ಬೆಲೆಯನ್ನು ನಾನು ವಿವರಿಸಬೇಕಿಲ್ಲ.

ನೀರಿನ ದಾರಿಯೂ ಇದೆ. ಭೂತಾನಿನ ಜಲ್ಲಿಕಲ್ಲು ಬಾಂಗ್ಲಾದೇಶಕ್ಕೆ ಬೇಕು. 2019ರ ಜುಲೈನಲ್ಲಿ ಆ ಕಲ್ಲು ಫುಂಟ್‌ಶೋಲಿಂಗಿನಿಂದ ಲಾರಿಯಲ್ಲಿ ಅಸ್ಸಾಮಿನ ಧುಬ್ರಿಗೆ ಬಂದು, ಬ್ರಹ್ಮಪುತ್ರದಲ್ಲಿ ಹಡಗು ಹತ್ತಿ ಢಾಕಾ ಬಳಿಯ ನಾರಾಯಣಗಂಜಿಗೆ ಹೋಯಿತು. ಒಂದೇ ಹಡಗಿನಲ್ಲಿ ಸಾವಿರ ಟನ್. ರಸ್ತೆಯಲ್ಲಾದರೆ ಎಪ್ಪತ್ತು ಲಾರಿ ಬೇಕಿತ್ತು. ಇಲ್ಲಿ ಒಮ್ಮೆ ಇಳಿಸಿ ಏರಿಸುವುದು ಉಂಟು, ಆದರೆ ಕಲ್ಲಿಗೆ ಇಬ್ಬನಿಯ ಭಯವಿಲ್ಲ. ಇಳಿಸುವುದನ್ನೇ ಪೂರ್ತಿ ನಿಲ್ಲಿಸಿದ್ದು ಕೊಳವೆ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜಿಗೆ 69 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ 2019ರಿಂದ ಡೀಸೆಲ್ ಹರಿಯುತ್ತಿದೆ. 2015ರಲ್ಲಿ ಗಡಿಯಲ್ಲಿ ತಿಂಗಳುಗಟ್ಟಲೆ ಟ್ಯಾಂಕರ್ ನಿಂತು ಅಡುಗೆಗೆ ಸೌದೆ ಹುಡುಕಿದ ಜನರಿಗೆ ಆ ಕೊಳವೆ ಏನೆಂದು ಗೊತ್ತು.

ಹಾಗೆಂದು ಯಾವ ದಾರಿಯಲ್ಲಿ ಯಾವ ಸಾಮಾನು ಹೋಗಬೇಕೆಂದು ಖರ್ಚೊಂದೇ ತೀರ್ಮಾನಿಸುತ್ತದೆ ಎಂದುಕೊಳ್ಳಬೇಡಿ. 2025ರ ಏಪ್ರಿಲಿನಲ್ಲಿ ಬಾಂಗ್ಲಾದೇಶ ನಮ್ಮ ನೂಲನ್ನು ಭೂಮಾರ್ಗದಲ್ಲಿ ತರಿಸುವುದನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ಭಾರತ, ನಿಮ್ಮ ಸಿದ್ಧ ಉಡುಪು ಮುಂಬೈ ಬಳಿಯ ನವಶೇವಾ ಮತ್ತು ಕೋಲ್ಕತ್ತ ಬಂದರುಗಳಿಂದ ಮಾತ್ರ ಬರಲಿ ಎಂದಿತು. ಅದೇ ಅಂಗಿ. ಹಡಗಿನಲ್ಲಿ ಬಂದರೆ ಮಡಿ, ಲಾರಿಯಲ್ಲಿ ಬಂದರೆ ಮೈಲಿಗೆ.

ಈಗ ಅಡಿಕೆಗೆ ಬರೋಣ. 2023ರ ಫೆಬ್ರುವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆ ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿತು. ನಾವು ಸಿಹಿ ಹಂಚಿದೆವು. ನಾನು ಆ ಬೆಲೆಯ ವಿರೋಧಿಯಲ್ಲ, ನನ್ನ ಹಂಡೆಯೂ ಅದರ ಮೇಲೇ ಕುದಿಯುತ್ತದೆ. ಆದರೆ ಗೋಡೆ ಎತ್ತರಿಸಿದಷ್ಟೂ ಗೋಡೆಯ ಕೆಳಗೆ ತೋಡುವವನ ಕೂಲಿ ಏರುತ್ತದೆ. ಮ್ಯಾನ್ಮಾರಿನ ಜೊತೆ ನಮಗೆ 1,643 ಕಿಲೋಮೀಟರ್ ಗಡಿಯಿದೆ, ಹೆಚ್ಚಿನದು ಗುಡ್ಡ ಮತ್ತು ಕಾಡು. ಮಿಜೋರಾಂ ಕಡೆ ಮತ್ತೆ ಮತ್ತೆ ಸಿಕ್ಕಿಬೀಳುವ ಅಡಿಕೆ ಹಾಗೆ ಬಂದದ್ದು. ಅದು ಎಷ್ಟು ಸಲ ಇಳಿದರೂ, ಎಷ್ಟು ಬೆನ್ನು ಬದಲಿಸಿದರೂ ಲಾಭವೇ, ಏಕೆಂದರೆ ಅದಕ್ಕೆ ಸುಂಕವಿಲ್ಲ, ತಕ್ಕಡಿಯಿಲ್ಲ, ಸಾಲಿನಲ್ಲಿ ನಿಲ್ಲುವ ಕೆಲಸವಿಲ್ಲ.

ಇದರ ಏಟು ಬಿದ್ದದ್ದು ನಮಗೊಬ್ಬರಿಗೇ ಅಲ್ಲ. ಮಿಜೋರಾಂನ ಮಾಮಿತ್, ಕೊಲಾಸಿಬ್ ಜಿಲ್ಲೆಗಳಲ್ಲಿಯೂ ಅಡಿಕೆ ಬೆಳೆಗಾರರಿದ್ದಾರೆ. ಬರ್ಮಾ ಅಡಿಕೆ ಎಂಬ ಗುಮಾನಿಯಿಂದ ಅಸ್ಸಾಂ ಗಡಿಯಲ್ಲಿ ಅವರ ಲಾರಿಗಳಿಗೂ ತಡೆಬಿದ್ದು, ಅವರು ಬೀದಿಗಿಳಿದರು. ನಮ್ಮ ಸಭೆಗಳಲ್ಲಿ "ಈಶಾನ್ಯದ ಅಡಿಕೆ" ಎಂದು ಒಂದೇ ಉಸಿರಿನಲ್ಲಿ ಬೈಯುವಾಗ ಅವರೂ ಅದರಲ್ಲಿ ಸೇರಿಹೋಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಸಂಸದರ ಮನೆಗೆ ಮನವಿ ಹಿಡಿದು ಹೋಗುವವರಿಗೆ ನನ್ನದೊಂದು ಕೋರಿಕೆ. "ಗಡಿ ಮುಚ್ಚಿ" ಎಂಬ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ, ಹೊರಗಿನ ಅಡಿಕೆ ಬರುವುದಾದರೆ ಸೀಲ್ ಬಿದ್ದ ಕಂಟೇನರಿನಲ್ಲಿ ಅಥವಾ ರೈಲಿನಲ್ಲಿ ಮಾತ್ರ, ಹೆಸರಿಸಿದ ಎರಡೋ ಮೂರೋ ಬಾಗಿಲಿನಿಂದ ಬರಲಿ ಎಂದು ಬರೆಯಿರಿ. ಬಂದ ತೂಕ ಪ್ರತಿ ವಾರ ಶಿವಮೊಗ್ಗದ ಮಂಡಿಯ ಹಲಗೆಯ ಮೇಲೆ, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ದರ್ಜೆಗಳ ಧಾರಣೆಯ ಪಕ್ಕದಲ್ಲೇ ಬರೆದಿರಬೇಕು ಎಂದೂ ಸೇರಿಸಿ. ಒಣ ಲೆಕ್ಕದಲ್ಲಿ ಭೂತಾನಿನ ಅಡಿಕೆ ಆ ನೂರಹತ್ತು ಲಾರಿಯಷ್ಟು ಬಂತೋ ಅಥವಾ ಹತ್ತು ಲಾರಿಯಷ್ಟೇ ಬಂತೋ, ಮಾರುವ ಮೊದಲು ನನಗೆ ಗೊತ್ತಾಗಲಿ.

ಯಂತ್ರ ನಿಂತಿತು. ಒಳಗಿನಿಂದ ಕರೆಯುತ್ತಿದ್ದಾರೆ, ಚೀಲ ಹಿಡಿಯಲು ಜನ ಕಡಿಮೆಯಂತೆ.