ಥೇಮ್ಸ್ ದಂಡೆಯಲ್ಲಿ ಇಡೀ ದಿನ

ಕೇಳುಗರಿಗೆ ನಮಸ್ಕಾರ. ಮಕ್ಕಳು, ಮೊಮ್ಮಕ್ಕಳನ್ನು ನೋಡಲು ಲಂಡನ್‌ಗೆ ಹೊರಟಿರುವ ಅಪ್ಪ ಅಮ್ಮಂದಿರಿಗೆ ಈ ಮಾತು. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯಿಂದ ಟವರ್ ಬ್ರಿಡ್ಜ್‌ವರೆಗೆ, ನಡೆಯುವವರಿಗೆಂದೇ ದಾರಿ ಇದೆ. ಕ್ವೀನ್ಸ್ ವಾಕ್ ಅಂತಾರೆ. ಅಲ್ಲಿಗೆ ಒಂದು ಸಲ ಹೋಗಿ ಬಂದರೆ ಸಾಲದು. ಒಂದೇ ದಿನ ಬೆಳಗ್ಗೆ ಹೋಗಿ, ಮಧ್ಯಾಹ್ನ ಹೋಗಿ, ಸಂಜೆಯೂ ಹೋಗಿ.

ನನ್ನ ಸೋದರತ್ತೆ ತುಂಗೆಯ ದಡದಲ್ಲಿ ಬೆಳೆದವರು. ಅವರನ್ನು ಬೆಳಗ್ಗೆ ಇದೇ ದಾರಿಯಲ್ಲಿರುವ ಗೇಬ್ರಿಯಲ್ಸ್ ವಾರ್ಫ್ ಹತ್ತಿರ ಕರೆದುಕೊಂಡು ಹೋದೆ. ಕಂಬಿ ಹಿಡಿದು ಬಗ್ಗಿ ನೋಡಿದರು. ಕೆಳಗೆ ಮರಳು, ಕಲ್ಲು, ಪಾಚಿ ಹಿಡಿದ ಗೋಡೆ. ಮರಳಲ್ಲಿ ಒಬ್ಬ ಹುಡುಗ ನಾಯಿ ಆಡಿಸುತ್ತಿದ್ದ. "ಇದೇನೋ, ಇಷ್ಟು ದೊಡ್ಡ ಊರಿನ ಹೊಳೆ ಹೀಗೆ ಬತ್ತಿದೆ?" ಅಂದರು. ನಾನು ಸುಮ್ನಿದ್ದೆ.

ಊಟ ಮುಗಿಸಿ ಅದೇ ಜಾಗಕ್ಕೆ ಬಂದೆವು. ಮರಳೇ ಇಲ್ಲ! ನೀರು ಗೋಡೆಗೆ ಬಡಿಯುತ್ತಿತ್ತು. ಬೆಳಗ್ಗೆ ಬಲಕ್ಕೆ ಹರಿಯುತ್ತಿದ್ದ ಹೊಳೆ ಈಗ ಎಡಕ್ಕೆ ಹರಿಯುತ್ತಿತ್ತು. "ಡ್ಯಾಮ್ ಗೇಟ್ ತೆಗೆದ್ರೇನೋ?" ಅಂತ ಗಾಬರಿಯಾದರು. ಡ್ಯಾಮ್ ಅಲ್ಲ ಅತ್ತೆ, ಸಮುದ್ರದ ಉಬ್ಬರ ಇಲ್ಲಿತನಕ ಬರುತ್ತೆ ಅಂದೆ. ಲಂಡನ್ ಮಧ್ಯದಲ್ಲೇ ನೀರು 7 ಮೀಟರ್‌ವರೆಗೆ ಏರಿಳಿಯುತ್ತದೆ, ದಿನಕ್ಕೆ ಎರಡು ಸಲ. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತರು. ಸಂಜೆಯಾದರೂ ಏಳಲಿಲ್ಲ.

ಇದನ್ನು ನೋಡದೆ, ಲಂಡನ್ ಐ ಅನ್ನೋ ದೈತ್ಯ ಚಕ್ರದ ಮುಂದೆ ಒಂದು ಫೋಟೋ ತೆಗೆದು ಬಸ್ ಹತ್ತುತ್ತಾರಲ್ಲ, ನನಗೆ ತಡೆಯೋಕೆ ಆಗಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಹೋಗಿ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಮಧ್ಯಾಹ್ನ ವಾಟರ್‌ಲೂ ಸೇತುವೆಯ ಕೆಳಗೆ ಹಳೇ ಪುಸ್ತಕ ಮಾರುತ್ತಾರೆ. ಮಳೆ ಬಂದರೂ ನೆನೆಯಲ್ಲ. ಸಂಜೆ ಮಿಲೇನಿಯಂ ಸೇತುವೆ ಹತ್ತಿರ ನಿಂತರೆ ಎದುರಿಗೇ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟಕ್ಕೆ ದೀಪ ಹತ್ತುತ್ತದೆ. ನಮ್ಮ ಬಸವಣ್ಣನವರ ಪ್ರತಿಮೆಯೂ ಇದೇ ದಂಡೆಯಲ್ಲಿದೆ. 2015ರ ನವೆಂಬರ್‌ನಲ್ಲಿ ಅನಾವರಣವಾಯಿತು. ಲ್ಯಾಂಬೆತ್ ಸೇತುವೆಯಿಂದ ವಾಕ್ಸ್‌ಹಾಲ್ ಕಡೆಗೆ ನಡೆಯಿರಿ, ಸಿಗುತ್ತದೆ.

ಮರಳಿಗೆ ಇಳಿದರೆ ಏನನ್ನೂ ಹೆಕ್ಕಬೇಡಿ, ಅದಕ್ಕೆ ಪರವಾನಗಿ ಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಿಂದಿನ ರಾತ್ರಿಯೇ ಮಕ್ಕಳಿಗೆ ಹೇಳಿ ಮೊಬೈಲ್‌ನಲ್ಲಿ ನೋಡಿಸಿಕೊಳ್ಳಿ. ನಮಸ್ಕಾರ.